ಪ್ರೌಢಶಾಲೆಯ ರಸಪ್ರಶ್ನೆ ತಂಡ: ಒಂದು ಲೆಕ್ಕಪರಿಶೀಲನೆ



ಹೈದರಾಬಾದಿನ ನಾಚಾರಂ ಕೈಗಾರಿಕಾ ಪ್ರದೇಶದಿಂದ ಹಬ್ಸಿಗುಡದ ಮುಖ್ಯರಸ್ತೆಗೆ ಬಹಳ ದೂರವಿಲ್ಲ. ಆ ರಸ್ತೆಯ ಬದಿಯಲ್ಲಿ 1961ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯಿದೆ. ಇಂದು ಅಲ್ಲಿಯ ಮೆಟ್ರೊ ನಿಲ್ದಾಣಕ್ಕೂ ಅದರದೇ ಹೆಸರು. ಅದೇ ರಸ್ತೆಯಲ್ಲಿ ಸಿಸಿಎಂಬಿ ಎಂದು ಪ್ರಸಿದ್ಧವಾದ ಕೋಶ ಹಾಗೂ ಅಣುಜೀವವಿಜ್ಞಾನ ಕೇಂದ್ರವಿದೆ. ತಾರ್ನಾಕಾದ ಕಡೆಗೆ ಮುಂದುವರಿದರೆ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯೂ 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯವೂ ಸಿಗುತ್ತವೆ. ಒಂದು ದೇಶದ ವಿಜ್ಞಾನದ ಇಷ್ಟು ಭಾಗ ಇಷ್ಟು ಸಣ್ಣ ಸುತ್ತಳತೆಯೊಳಗೆ ನೆಲೆಸಿರುವುದು ವಿರಳ.

ಭಾರತದಲ್ಲಿ ಡಿಎನ್‌ಎ ಬೆರಳಚ್ಚಿನ ಸ್ವದೇಶಿ ತಂತ್ರವನ್ನು ರೂಪಿಸಿದ ವಿಜ್ಞಾನಿ ಯಾರು ಎಂಬುದು ಯಾವುದೇ ಅಂತರಶಾಲಾ ರಸಪ್ರಶ್ನೆ ಸ್ಪರ್ಧೆಯಲ್ಲಿ ಕೇಳಬಹುದಾದ ಪ್ರಶ್ನೆ. ಉತ್ತರ ಲಾಲ್‌ಜಿ ಸಿಂಗ್. ಆ ಕೆಲಸ ನಡೆದದ್ದು ಇದೇ ಸಿಸಿಎಂಬಿಯಲ್ಲಿ. ನಾಚಾರಂನ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸ ಮಾಡುವ ತಂದೆಯ ಮಗಳು ಆ ಸಂಸ್ಥೆಯ ಗೇಟಿನ ಮುಂದೆ ಬಸ್ಸಿನಲ್ಲಿ ಎಷ್ಟೋ ಸಲ ಹಾದುಹೋಗಿರುತ್ತಾಳೆ. ಆದರೂ ಆ ಪ್ರಶ್ನೆ ವೇದಿಕೆಯ ಮೇಲೆ ಬಂದಾಗ ಗುಂಡಿ ಒತ್ತುವ ಬೆರಳು ಅವಳದಾಗಿರುವ ಸಂಭವ ಕಡಿಮೆ. ಅವಳಿಗೆ ಉತ್ತರ ತಿಳಿಯದು ಎಂಬುದು ಇದಕ್ಕೆ ಮುಖ್ಯ ಕಾರಣವಲ್ಲ. ಆ ವೇದಿಕೆಯವರೆಗೆ ಅವಳನ್ನು ಕರೆತರುವ ದಾರಿಯೇ ಇಲ್ಲ ಎಂಬುದು ಕಾರಣ.

ಇಂದಿನ ಮಾತಿನ ವಿಷಯ ಪ್ರೌಢಶಾಲೆಯ ರಸಪ್ರಶ್ನೆ ತಂಡದ ಚರಿತ್ರೆ. ಶಾಲೆಗಳು ಈ ಚರಿತ್ರೆಯನ್ನು ಮುಖ್ಯೋಪಾಧ್ಯಾಯರ ಕೊಠಡಿಯ ಗಾಜಿನ ಕಪಾಟಿನಲ್ಲಿ ಇಟ್ಟಿರುತ್ತವೆ: ಹಿತ್ತಾಳೆಯ ಫಲಕಗಳು, ಬಣ್ಣ ಮಾಸಿದ ಛಾಯಾಚಿತ್ರಗಳು, ಕೆಲವು ಪ್ರಶಸ್ತಿಪತ್ರಗಳು. ಲೆಕ್ಕಪರಿಶೋಧನೆಯ ಮೊದಲ ಪಾಠವೆಂದರೆ ತೋರಿಸಿದ್ದನ್ನಷ್ಟೇ ಎಣಿಸಬಾರದು, ಪುಸ್ತಕಕ್ಕೆ ಸೇರದೆ ಹೊರಗುಳಿದದ್ದನ್ನೂ ಹುಡುಕಬೇಕು. ಕಪಾಟಿನಲ್ಲಿರುವುದು ಗೆದ್ದವರ ಲೆಕ್ಕ. ಸ್ಪರ್ಧೆಗೆ ಹೆಸರನ್ನೇ ಕೊಡಲಾಗದವರ ಲೆಕ್ಕ ಎಲ್ಲಿಯೂ ಬರೆದಿಲ್ಲ.

ಮೊದಲು ತಂಡವೆಂದರೆ ಏನೆಂದು ನೋಡಬೇಕು. ಸಾಮಾನ್ಯವಾಗಿ ಅದರಲ್ಲಿ ಇಬ್ಬರು ಮಕ್ಕಳಿರುತ್ತಾರೆ, ಕೆಲವು ಸ್ಪರ್ಧೆಗಳಲ್ಲಿ ಮೂವರು ಅಥವಾ ನಾಲ್ವರು. ಎಂಟನೆಯ ತರಗತಿಯಲ್ಲಿ ಸೇರಿದ ಮಗು ಹತ್ತನೆಯ ತರಗತಿಯ ನಡುವೆ ಪಬ್ಲಿಕ್ ಪರೀಕ್ಷೆಯ ಕಾರಣದಿಂದ ಬಿಟ್ಟುಹೋಗುತ್ತದೆ. ಹೀಗಾಗಿ ಯಾವ ಶಾಲೆಯ ತಂಡವೂ ಮೂರು ವರ್ಷಗಳಿಗೊಮ್ಮೆ ಪೂರ್ತಿಯಾಗಿ ಹೊಸದಾಗುತ್ತದೆ. ಆದರೂ ಕೆಲವು ಶಾಲೆಗಳು ದಶಕಗಳ ಕಾಲ ಒಂದೇ ಸಮನೆ ಒಳ್ಳೆಯ ತಂಡಗಳನ್ನು ಕಳುಹಿಸುತ್ತವೆ. ಅದಕ್ಕೆ ಕಾರಣ ಮಕ್ಕಳ ಹಿಂದೆ ಇರುವ ಮೂರು ಸಂಗತಿಗಳು: ವಾರಕ್ಕೊಂದು ಗಂಟೆಯನ್ನು ಸಂಬಳವಿಲ್ಲದೆ ಕೊಡುವ ಒಬ್ಬ ಶಿಕ್ಷಕ ಅಥವಾ ಶಿಕ್ಷಕಿ, ಬೀಗ ಹಾಕದ ಒಂದು ಗ್ರಂಥಾಲಯ, ಹಿರಿಯ ವಿದ್ಯಾರ್ಥಿ ಬರೆದು ಕಿರಿಯನ ಕೈಗೆ ಒಪ್ಪಿಸಿಹೋಗುವ ಪ್ರಶ್ನೆಗಳ ನೋಟುಪುಸ್ತಕ. ಈ ಮೂರರಲ್ಲಿ ಒಂದು ತಪ್ಪಿದರೂ ಪರಂಪರೆ ಮುರಿಯುತ್ತದೆ. ಶಿಕ್ಷಕರ ವರ್ಗಾವಣೆಯೊಂದಿಗೇ ತಂಡವೂ ಕಾಣೆಯಾಗುವುದು ಇದರಿಂದಲೇ.

ಪ್ರಶ್ನೋತ್ತರದ ಆಟ ಈ ನೆಲಕ್ಕೆ ಹೊಸದಲ್ಲ. ಮಹಾಭಾರತದ ಯಕ್ಷಪ್ರಶ್ನೆಯಿಂದ ಹಳ್ಳಿಯ ಒಗಟಿನವರೆಗೆ, ಕನ್ನಡ ತೆಲುಗು ನಾಡುಗಳೆರಡರಲ್ಲೂ ಮಾನ್ಯವಾದ ಅವಧಾನ ಕಲೆಯ ಪೃಚ್ಛಕರವರೆಗೆ ಅದರ ಬೇರುಗಳಿವೆ. ಆದರೆ ಇಂದು ಶಾಲೆಗಳು ಆಡುವ ಸ್ಪರ್ಧೆಯ ಸ್ವರೂಪ ಬೇರೆ ದಾರಿಯಿಂದ ಬಂದದ್ದು. ಅಮೆರಿಕದಲ್ಲಿ 1953ರಲ್ಲಿ ಕಾಲೇಜು ತಂಡಗಳ ಸ್ಪರ್ಧೆ ರೇಡಿಯೊದಲ್ಲಿ ಆರಂಭವಾಯಿತು; 1961ರಲ್ಲಿ ವಾಷಿಂಗ್ಟನ್ನಿನ ದೂರದರ್ಶನ ಕೇಂದ್ರವೊಂದು ಪ್ರೌಢಶಾಲೆಗಳ ತಂಡಗಳಿಗಾಗಿಯೇ ಒಂದು ಕಾರ್ಯಕ್ರಮ ಆರಂಭಿಸಿತು. ಬ್ರಿಟನ್ನಿನಲ್ಲಿ ವಿಶ್ವವಿದ್ಯಾಲಯಗಳ ಸ್ಪರ್ಧೆ 1962ರಲ್ಲಿ ಪರದೆಗೆ ಬಂತು. ಭಾರತದಲ್ಲಿ 1967ರಲ್ಲಿ ಕಲ್ಕತ್ತೆಯಲ್ಲಿ ನೀಲ್ ಓಬ್ರಿಯನ್ ನಡೆಸಿದ ಸ್ಪರ್ಧೆಯನ್ನು ಮೊದಲ ಸಾರ್ವಜನಿಕ ರಸಪ್ರಶ್ನೆ ಎಂದು ಪರಿಗಣಿಸುವುದು ರೂಢಿ. ಅದು ನಡೆದದ್ದು ಚರ್ಚೊಂದರ ಸಭಾಂಗಣದಲ್ಲಿ, ಇಂಗ್ಲಿಷಿನಲ್ಲಿ.

1972 ಈ ಚರಿತ್ರೆಯಲ್ಲಿ ಎರಡು ಕಾರಣಗಳಿಗೆ ಮುಖ್ಯವಾದ ವರ್ಷ. ಆ ವರ್ಷ ಬೋರ್ನ್‌ವಿಟಾ ರಸಪ್ರಶ್ನೆ ಸ್ಪರ್ಧೆ ಆರಂಭವಾಯಿತು. ಹಮೀದ್ ಸಯಾನಿ ಅದನ್ನು ನಡೆಸಿದರು. 1975ರಲ್ಲಿ ಅವರು ತೀರಿಕೊಂಡ ಮೇಲೆ ತಮ್ಮ ಅಮೀನ್ ಸಯಾನಿ ಮುಂದುವರಿಸಿದರು. ಶಾಲೆಯ ಹೆಸರು ರೇಡಿಯೊದಲ್ಲಿ ಕೇಳಿಬರುವುದೇ ಒಂದು ಗೌರವವಾಗಿದ್ದ ಕಾಲವದು. ಅದೇ 1972ರಲ್ಲಿ ಹೈದರಾಬಾದಿನಲ್ಲಿ ಕೆ ಸರ್ಕಲ್ ಎಂಬ ರಸಪ್ರಶ್ನೆ ಕೂಟ ಹುಟ್ಟಿತು. ದೇಶದ ಅತ್ಯಂತ ಹಳೆಯ ಇಂತಹ ಕೂಟಗಳಲ್ಲಿ ಅದೂ ಒಂದು. ಒಂದರ ಹಿಂದೆ ಮಕ್ಕಳ ಪೇಯ ಮಾರುವ ಕಂಪನಿಯಿತ್ತು, ಇನ್ನೊಂದರ ಹಿಂದೆ ತಿಳಿಯುವ ಸುಖಕ್ಕಾಗಿ ಸೇರುವ ನಾಗರಿಕರಿದ್ದರು. ಪ್ರಾಯೋಜಕರ ಹಣ, ಆಸಕ್ತರ ಶ್ರಮ ಎಂಬ ಈ ಎರಡು ಧಾರೆಗಳೇ ಮುಂದಿನ ಅರ್ಧ ಶತಮಾನವನ್ನು ರೂಪಿಸಿದವು.

ಬೆಂಗಳೂರಿನಲ್ಲಿ 1983ರಲ್ಲಿ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಸ್ಥಾಪನೆಯಾಯಿತು. ವಾಯುಪಡೆಯ ವಿಂಗ್ ಕಮಾಂಡರ್ ಜಿ. ಆರ್. ಮುಲ್ಕಿ ಅದರ ಆದ್ಯರಲ್ಲೊಬ್ಬರು. 1985ರಲ್ಲಿ ಸಿದ್ಧಾರ್ಥ ಬಸು ಅವರ ಕ್ವಿಜ್ ಟೈಮ್ ದೂರದರ್ಶನದಲ್ಲಿ ಬಂದಾಗ ಕಾಲೇಜಿನ ತಂಡಗಳು ಮನೆಮನೆಯ ಮಾತಾದವು. 1992ರಲ್ಲಿ ಬೋರ್ನ್‌ವಿಟಾ ಸ್ಪರ್ಧೆ ಡೆರೆಕ್ ಓಬ್ರಿಯನ್ ಅವರ ಮೂಲಕ ಖಾಸಗಿ ವಾಹಿನಿಗೆ ಬಂತು. ಶಾಲೆಯ ಸಮವಸ್ತ್ರ ತೊಟ್ಟ ಇಬ್ಬರು ಮಕ್ಕಳು ಮೇಜಿನ ಹಿಂದೆ ಕುಳಿತ ಚಿತ್ರ ಒಂದು ಪೀಳಿಗೆಯ ಮನಸ್ಸಿನಲ್ಲಿ ಅಚ್ಚೊತ್ತಿತು. 1999ರಲ್ಲಿ ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್ ಶಾಲಾ ಮಕ್ಕಳಿಗೆ ಮಾಹಿತಿ ತಂತ್ರಜ್ಞಾನದ ರಸಪ್ರಶ್ನೆ ಆರಂಭಿಸಿತು.

ಇಲ್ಲಿಯವರೆಗಿನ ಕಥೆ ಮಹಾನಗರಗಳದು ಮತ್ತು ಇಂಗ್ಲಿಷಿನದು. ಬದಲಾವಣೆಯ ಎರಡು ಪ್ರಯತ್ನಗಳು ಕರ್ನಾಟಕದಿಂದ ಬಂದವು ಎಂಬುದನ್ನು ಕನ್ನಡಿಗರು ಹೆಮ್ಮೆಯಿಂದ ನೆನೆಯಬಹುದು. ಮೊದಲನೆಯದು, ಅದೇ ಕಂಪನಿ ಕರ್ನಾಟಕ ಸರ್ಕಾರದ ಜೊತೆಗೂಡಿ 2000ದಲ್ಲಿ ಆರಂಭಿಸಿದ ಗ್ರಾಮೀಣ ಮಾಹಿತಿ ತಂತ್ರಜ್ಞಾನ ರಸಪ್ರಶ್ನೆ. ಸಣ್ಣ ಊರು ಮತ್ತು ಹಳ್ಳಿಗಳ ಶಾಲೆಗಳಿಗೇ ಅದನ್ನು ಮೀಸಲಿಟ್ಟು, ಮಹಾನಗರದ ಶಾಲೆಗಳನ್ನು ಹೊರಗಿಡಲಾಯಿತು. ಎರಡನೆಯದು, 2002ರ ಜನವರಿಯಲ್ಲಿ ಚಂದನ ವಾಹಿನಿಯಲ್ಲಿ ಡಾ. ನಾ. ಸೋಮೇಶ್ವರ ಅವರು ಆರಂಭಿಸಿದ ಥಟ್ ಅಂತ ಹೇಳಿ. ಅದರಲ್ಲಿ ಸ್ಪರ್ಧಿಸುವವರು ತಂಡಗಳಲ್ಲ, ವ್ಯಕ್ತಿಗಳು. ಆದರೆ ಅದು ಸಾಧಿಸಿ ತೋರಿಸಿದ ಸಂಗತಿ ತಂಡಗಳಿಗೂ ಅನ್ವಯಿಸುತ್ತದೆ. ವಿಜ್ಞಾನ, ಇತಿಹಾಸ, ಸಾಹಿತ್ಯ ಎಲ್ಲವನ್ನೂ ಕನ್ನಡದಲ್ಲೇ ಕೇಳಬಹುದು, ಕನ್ನಡದಲ್ಲೇ ಉತ್ತರಿಸಬಹುದು, ಸರಿಯುತ್ತರಕ್ಕೆ ಹಣದ ಬದಲು ಪುಸ್ತಕ ಕೊಡಬಹುದು. ಹೀಗೆ ಮಾಡಿಯೂ ಮೂರು ಸಾವಿರಕ್ಕೂ ಹೆಚ್ಚು ಕಂತುಗಳ ಕಾಲ ಜನ ನೋಡುತ್ತಾರೆ. ದೇಶೀ ಭಾಷೆಯಲ್ಲಿ ರಸಪ್ರಶ್ನೆಗೆ ಮಟ್ಟ ಬರುವುದಿಲ್ಲ ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಈ ಐವತ್ತು ವರ್ಷಗಳಲ್ಲಿ ಆಟದ ನಿಯಮಗಳೂ ಬದಲಾದವು. ಆ ಬದಲಾವಣೆಯಲ್ಲಿ ಒಂದು ಪಾಠವಿದೆ. ಹಿಂದೆ ಪ್ರತಿ ತಂಡಕ್ಕೂ ಸರದಿಯಂತೆ ನೇರ ಪ್ರಶ್ನೆ ಬರುತ್ತಿತ್ತು. ಆ ತಂಡ ತಪ್ಪಿದರೆ ಪ್ರಶ್ನೆ ಪಕ್ಕದ ತಂಡಕ್ಕೆ ಪಾಸ್ ಆಗುತ್ತಿತ್ತು. ಈ ಕ್ರಮದಲ್ಲಿ ದುರ್ಬಲ ತಂಡದ ಪಕ್ಕ ಕುಳಿತವರಿಗೆ ಹೆಚ್ಚು ಪ್ರಶ್ನೆಗಳು ಸಿಗುತ್ತಿದ್ದವು. ಬಲಿಷ್ಠ ತಂಡದ ಪಕ್ಕದವರು ಬರಿಗೈಯಲ್ಲಿ ಏಳುತ್ತಿದ್ದರು. ಕುಳಿತ ಕುರ್ಚಿಯೇ ಅಂಕಗಳನ್ನು ನಿರ್ಧರಿಸುವ ಈ ಅನ್ಯಾಯವನ್ನು ಆಟಗಾರರು ಗುರುತಿಸಿದರು. ಉತ್ತರ ಎಲ್ಲಿ ಸಿಕ್ಕಿತೋ ಅದರ ಮುಂದಿನ ತಂಡದಿಂದಲೇ ಹೊಸ ಪ್ರಶ್ನೆ ಆರಂಭವಾಗುವ ಬೌನ್ಸ್ ಪದ್ಧತಿ ಬಂತು. ಸರದಿ ಬರುವ ಮೊದಲೇ ಉತ್ತರವನ್ನು ಬರೆದುಕೊಟ್ಟು, ಸರಿಯಾದರೆ ಅಂಕ ಪಡೆದು ತಪ್ಪಾದರೆ ಕಳೆದುಕೊಳ್ಳುವ ಪೌನ್ಸ್ ಪದ್ಧತಿಯೂ ಬಂತು. ಕುರ್ಚಿಯ ಅದೃಷ್ಟಕ್ಕಿದ್ದ ಬೆಲೆ ಬಹುಮಟ್ಟಿಗೆ ಇಳಿಯಿತು.

ಹೀಗೆ ವೇದಿಕೆಯ ಮೇಲಿನ ಆರು ಕುರ್ಚಿಗಳ ನಡುವಣ ಅನ್ಯಾಯವನ್ನು ಇಷ್ಟು ಸೂಕ್ಷ್ಮವಾಗಿ ಸರಿಪಡಿಸಿದವರು ಸಭಾಂಗಣದ ಬಾಗಿಲಿನಲ್ಲಿ ನಡೆಯುವ ಅನ್ಯಾಯವನ್ನು ಗಮನಿಸಲಿಲ್ಲ. ಕುರ್ಚಿಯ ಅದೃಷ್ಟವನ್ನು ತೊಲಗಿಸಿದ ಆಟ ಜನ್ಮದ ಅದೃಷ್ಟವನ್ನು ಹಾಗೆಯೇ ಉಳಿಸಿಕೊಂಡಿತು.

ಆ ಬಾಗಿಲಿಗೆ ನಾಲ್ಕು ಅಗುಳಿಗಳಿವೆ. ಮೊದಲನೆಯದು ಭಾಷೆ. ಕಲಬುರಗಿ, ಬೀದರ್, ರಾಯಚೂರು ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಆ ಸೀಮೆಯಿಂದ ಕೆಲಸ ಹುಡುಕಿ ಈ ನಗರಕ್ಕೆ ಬರುವುದು ಇನ್ನೂ ನಿಂತಿಲ್ಲ. ಅಂತಹ ಮನೆಯ ಮಗು ಒಳಗೆ ಕನ್ನಡ, ಓಣಿಯಲ್ಲಿ ತೆಲುಗು, ಅಂಗಡಿಯಲ್ಲಿ ದಖ್ಖನಿ, ತರಗತಿಯಲ್ಲಿ ಇಂಗ್ಲಿಷ್ ಆಡುತ್ತದೆ. ನಾಲ್ಕು ಭಾಷೆಗಳ ಒಡೆತನ ದೊಡ್ಡ ಆಸ್ತಿ. ಆದರೆ ಪ್ರಶ್ನೆಪತ್ರಿಕೆ ನಾಲ್ಕನೆಯದನ್ನು ಮಾತ್ರ ಆಸ್ತಿಯೆಂದು ಎಣಿಸುತ್ತದೆ, ಉಳಿದ ಮೂರನ್ನು ಹೊಣೆಯ ಕಡೆಗೆ ಬರೆಯುತ್ತದೆ. ಎರಡನೆಯದು ಓದುವ ಸಾಮಗ್ರಿ. ಪತ್ರಿಕೆ ಬಾರದ ಮನೆ, ಗ್ರಂಥಪಾಲಕರಿಲ್ಲದ ಶಾಲೆ ಎರಡೂ ಸೇರಿದಲ್ಲಿ ಕುತೂಹಲಕ್ಕೆ ಆಹಾರವಿಲ್ಲ. 2020ರಲ್ಲಿ ಕೋವಿಡ್ ಕಾರಣದಿಂದ ಸ್ಪರ್ಧೆಗಳು ಅಂತರಜಾಲಕ್ಕೆ ಸ್ಥಳಾಂತರಗೊಂಡಾಗ ದೂರದ ಊರುಗಳಿಗೆ ಬಾಗಿಲು ತೆರೆಯಿತೆಂದು ಸಂತೋಷಪಟ್ಟವರಿದ್ದರು. ಮನೆಗೊಂದೇ ಮೊಬೈಲ್ ಇರುವ ಮಕ್ಕಳಿಗೆ ಅದು ಇನ್ನೊಂದು ಅಗುಳಿಯಾಯಿತು.

ಮೂರನೆಯದು ಪ್ರಯಾಣ. ಸ್ಪರ್ಧೆಗಳು ಹೆಚ್ಚಾಗಿ ರಜೆಯ ದಿನ, ನಗರದ ಇನ್ನೊಂದು ತುದಿಯಲ್ಲಿ ನಡೆಯುತ್ತವೆ. ಜೊತೆಗೆ ಹೋಗುವ ಶಿಕ್ಷಕರ ಬಸ್ ಖರ್ಚಿಗೆ ಶಾಲೆಯ ಲೆಕ್ಕದಲ್ಲಿ ಶೀರ್ಷಿಕೆಯಿಲ್ಲ. ಸಂಜೆ ತಡವಾಗುತ್ತದೆ ಎಂದೊಡನೆ ಹೆಣ್ಣುಮಗಳ ಹೆಸರು ಪಟ್ಟಿಯಿಂದ ಜಾರುತ್ತದೆ. ಅವಳಿಗಿಂತ ಕಡಿಮೆ ಅಂಕ ಪಡೆದ ಹುಡುಗ ಹೋಗುತ್ತಾನೆ. ಯಾರೂ ಅದನ್ನು ತಾರತಮ್ಯವೆನ್ನುವುದಿಲ್ಲ, ಜಾಗ್ರತೆ ಎನ್ನುತ್ತಾರೆ. ನಾಲ್ಕನೆಯದು ಪರೀಕ್ಷೆಯ ಭಯ. ಪ್ರವೇಶ ಪರೀಕ್ಷೆಯ ತರಬೇತಿಯೇ ಶಿಕ್ಷಣವೆಂದು ನಂಬಿರುವ ಈ ನಗರದಲ್ಲಿ ಆರನೆಯ ತರಗತಿಯಿಂದಲೇ ಫೌಂಡೇಷನ್ ಕೋರ್ಸು ಮಾರಾಟಕ್ಕಿದೆ. ಪಠ್ಯದ ಹೊರಗಿನ ಒಂದು ಪ್ರಶ್ನೆಗೆ ಕಳೆದ ಗಂಟೆಯನ್ನು ನಷ್ಟವೆಂದು ಎಣಿಸುವ ಪೋಷಕರು ಬಡವರಲ್ಲಿ ಮಾತ್ರವಲ್ಲ, ಅನುಕೂಲಸ್ಥರಲ್ಲಿಯೂ ಇದ್ದಾರೆ.

ಇಲ್ಲಿ ಸಮಾಜದ ಸ್ವಂತ ಪರಂಪರೆಯ ಒಂದು ಮಾತು ಪ್ರಸ್ತುತವಾಗುತ್ತದೆ. ಹೈದರಾಬಾದಿನಿಂದ ವಾಡಿಯ ಕಡೆಗೆ ಸಾಗುವ ರೈಲುಮಾರ್ಗದಲ್ಲಿ ಮಳಖೇಡ ರೋಡ್ ಎಂಬ ಸಣ್ಣ ನಿಲ್ದಾಣವಿದೆ. ಅದರ ಬಳಿಯ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಹೆಸರಿನಲ್ಲಿ ಪ್ರಸಿದ್ಧವಾದ ಸಂಸ್ಕೃತ ಕೃತಿಯೊಂದರ ಹೆಸರು ಪ್ರಶ್ನೋತ್ತರ ರತ್ನಮಾಲಿಕೆ. ಕರ್ತೃತ್ವದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದ್ದರೂ, ಅದು ಟಿಬೆಟಿನ ಭಾಷೆಗೂ ಹೋಯಿತು ಎಂಬುದು ಅದರ ಜನಪ್ರಿಯತೆಗೆ ಸಾಕ್ಷಿ. ಸಣ್ಣ ಪ್ರಶ್ನೆ, ಸಣ್ಣ ಉತ್ತರ. ನೀತಿಯನ್ನು ಹೇಳಲು ಆರಿಸಿದ ರೂಪ ಅದು. ಅದಕ್ಕೂ ಹಿಂದಿನ ಆಗಮ ಪರಂಪರೆಯಲ್ಲಿ ಗೌತಮ ಗಣಧರರು ಭಗವಾನ್ ಮಹಾವೀರರನ್ನು ಪ್ರಶ್ನೆ ಕೇಳುತ್ತಲೇ ಹೋಗುತ್ತಾರೆ. ವ್ಯಾಖ್ಯಾಪ್ರಜ್ಞಪ್ತಿಯಲ್ಲಿ 36,000 ಪ್ರಶ್ನೆಗಳಿದ್ದವೆಂದು ಶ್ವೇತಾಂಬರ ಸಂಪ್ರದಾಯ ಹೇಳುತ್ತದೆ. ಗಮನಿಸಬೇಕಾದುದು ಸಂಖ್ಯೆಯನ್ನಲ್ಲ. ಆ ಪರಂಪರೆ ಉತ್ತರಿಸಿದವರ ಜೊತೆಗೆ ಕೇಳಿದವರನ್ನೂ ಪೂಜ್ಯರೆಂದು ಎಣಿಸಿತು. ಇಂದಿನ ಸ್ಪರ್ಧೆಯಲ್ಲಿ ಉತ್ತರಕ್ಕಷ್ಟೇ ಅಂಕ. ಪ್ರಶ್ನೆ ಕೇಳುವ ಮಗುವಿಗೆ ತರಗತಿಯಲ್ಲಿ ಸಿಗುವುದು ಬಹುಪಾಲು ಗದರಿಕೆ.

ಇನ್ನು ಹಣದ ಮಾತು. ಸಮಾಜದ ದತ್ತಿಗಳು ಶಿಕ್ಷಣಕ್ಕೆ ಕೊಡುವುದಿಲ್ಲ ಎಂದು ಯಾರೂ ದೂರಲಾರರು. ಕೊಡುವ ರೀತಿ ಮಾತ್ರ ವಿಮರ್ಶೆಗೆ ಅರ್ಹವಾಗಿದೆ. ಪ್ರತಿವರ್ಷ ಹೆಚ್ಚು ಅಂಕ ಪಡೆದವರಿಗೆ ಶಾಲು, ಹಾರ, ಸ್ಮರಣಿಕೆ. ಈಗಾಗಲೇ ಗೆದ್ದವರನ್ನು ಇನ್ನೊಮ್ಮೆ ಗೆಲ್ಲಿಸುವ ಈ ಪದ್ಧತಿಯಲ್ಲಿ ದಾನಿಯ ಹೆಸರು ಬೆಳಗುತ್ತದೆ, ಮಗುವಿನ ತಿಳಿವು ಬೆಳೆಯುವುದಿಲ್ಲ. ಶಾಸ್ತ್ರದಾನವನ್ನು ದಾನಗಳಲ್ಲಿ ಶ್ರೇಷ್ಠವೆಂದು ಸಾರಿದ ಸಮಾಜ ಶಾಲಿನ ದಾನಕ್ಕೆ ಇಳಿಯಬಾರದಿತ್ತು.

ನಾಚಾರಂನಲ್ಲಿ ಕಾರ್ಖಾನೆಗಳಿವೆ, ಅವುಗಳ ಆಡಳಿತ ಮಂಡಳಿಗಳಲ್ಲಿ ಉದಾರಿಗಳೂ ಇರಬಹುದು. 2013ರ ಕಂಪನಿ ಕಾಯಿದೆಯ 135ನೆಯ ಕಲಮಿನಂತೆ ನಿಗದಿತ ಮಿತಿ ಮುಟ್ಟಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಕನಿಷ್ಠ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವೆಚ್ಚ ಮಾಡಬೇಕು. ತಾವು ಕಾರ್ಯನಡೆಸುವ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಬೇಕು. ಶಿಕ್ಷಣವು ಏಳನೆಯ ಅನುಸೂಚಿಯಲ್ಲಿ ಸೇರಿದೆ. ಆದರೆ ಒಂದು ದಿನದ ಸಮಾರಂಭ, ಪ್ರಶಸ್ತಿ, ದೂರದರ್ಶನ ಕಾರ್ಯಕ್ರಮದ ಪ್ರಾಯೋಜನೆ ಇವು ಈ ವೆಚ್ಚವಾಗಲಾರವು ಎಂದು ಕೇಂದ್ರ ಸರ್ಕಾರ 2014ರ ಜೂನ್ ತಿಂಗಳ ಸುತ್ತೋಲೆಯಲ್ಲೇ ಸ್ಪಷ್ಟಪಡಿಸಿತ್ತು. ಸರಕಿನ ಪ್ರಚಾರಕ್ಕಾಗಿ ಕೊಡುವ ಪ್ರಾಯೋಜನೆಯನ್ನು 2021ರ ತಿದ್ದುಪಡಿ ನಿಯಮಗಳು ಹೊರಗಿಟ್ಟಿವೆ. ಅಂದರೆ ಬ್ಯಾನರ್ ಕಟ್ಟಿ ಒಂದು ಮಧ್ಯಾಹ್ನ ನಡೆಸುವ ರಸಪ್ರಶ್ನೆಗೆ ಈ ಹಣ ಸಲ್ಲದು. ಅದೇ ನಿಯಮಗಳು ಆರಂಭದ ಆರ್ಥಿಕ ವರ್ಷವನ್ನು ಬಿಟ್ಟು ಮೂರು ವರ್ಷಗಳವರೆಗೆ ನಡೆಯಬಲ್ಲ ಮುಂದುವರಿಕೆಯ ಯೋಜನೆಗೆ ಅವಕಾಶ ಕೊಟ್ಟಿವೆ. ಎಂಟು, ಒಂಬತ್ತು, ಹತ್ತು ಎಂಬ ಮೂರು ತರಗತಿಗಳೇ ಒಂದು ತಂಡದ ಆಯಸ್ಸು. ಕಾನೂನಿನ ಅವಧಿಯೂ ಮಗುವಿನ ಅವಧಿಯೂ ಇಷ್ಟು ಹೊಂದಿಕೆಯಾಗಿರುವಾಗ ಬೇಕಾಗಿರುವುದು ಒಂದು ಅರ್ಜಿ ಮತ್ತು ಅದನ್ನು ಬೆನ್ನುಹತ್ತುವ ಒಂದು ದತ್ತಿ.

ಆ ದತ್ತಿಯ ಬಾಗಿಲು ಎಲ್ಲ ಜಾತಿ ಧರ್ಮಗಳ ಮಕ್ಕಳಿಗೂ ತೆರೆದಿರಬೇಕು. 1961ರ ಆದಾಯ ತೆರಿಗೆ ಕಾಯಿದೆಯೇ ಒಂದು ಧರ್ಮ ಅಥವಾ ಜಾತಿಯ ಹಿತಕ್ಕೆ ಮಾತ್ರ ಸ್ಥಾಪಿತವಾದ ಧರ್ಮಾರ್ಥ ಸಂಸ್ಥೆಗೆ ವಿನಾಯಿತಿಯನ್ನು ನಿರಾಕರಿಸಿತ್ತು. ಕಾನೂನು ಹಾಗೆ ಹೇಳದಿದ್ದರೂ ವಿವೇಕ ಅದನ್ನೇ ಹೇಳುತ್ತಿತ್ತು. ಒಂದೇ ಬಗೆಯ ಮನೆಗಳಿಂದ ಬಂದ ಇಬ್ಬರ ತಂಡ ಅರ್ಧ ತಂಡ. ಒಬ್ಬನಿಗೆ ತಿಳಿಯದ್ದು ಇನ್ನೊಬ್ಬನಿಗೆ ತಿಳಿದಿರಬೇಕಾದರೆ ಇಬ್ಬರ ಬದುಕುಗಳು ಬೇರೆಬೇರೆಯಾಗಿರಬೇಕು. ಅನೇಕಾಂತವನ್ನು ಬಾಯಲ್ಲಿ ಹೇಳುವವರು ತಂಡದ ರಚನೆಯಲ್ಲಿಯೂ ಅದನ್ನು ತೋರಿಸಬಹುದು.

ಮಾಡಬೇಕಾದ ಕೆಲಸಗಳು ದೊಡ್ಡವಲ್ಲ. ನಾಚಾರಂ ಸುತ್ತಿನ ಸರ್ಕಾರಿ ಹಾಗೂ ಕಡಿಮೆ ಶುಲ್ಕದ ಪ್ರೌಢಶಾಲೆಗಳಲ್ಲಿ ಒಂದೆರಡನ್ನು ಆರಿಸಿ, ಮೂರು ವರ್ಷ ಅವುಗಳನ್ನು ಬಿಡದಿರುವುದು. ಪ್ರತಿ ಶಾಲೆಗೆ ಎರಡು ಭಾಷೆಗಳ ದಿನಪತ್ರಿಕೆ, ಬೀಗವಿಲ್ಲದ ಒಂದು ಪುಸ್ತಕದ ಕಪಾಟು. ಜೊತೆಗೆ ಹೋಗುವ ಶಿಕ್ಷಕರಿಗೆ ಪ್ರಯಾಣವೆಚ್ಚ. ಹೆಣ್ಣುಮಕ್ಕಳು ಇರುವ ತಂಡಕ್ಕೆ ಮನೆಯ ಬಾಗಿಲವರೆಗೆ ವಾಹನ. ಪ್ರಾಥಮಿಕ ಸುತ್ತಿನ ಪ್ರಶ್ನೆಪತ್ರಿಕೆ ಇಂಗ್ಲಿಷಿನ ಜೊತೆಗೆ ತೆಲುಗಿನಲ್ಲಿಯೂ, ಕನ್ನಡ ಮಕ್ಕಳಿರುವಲ್ಲಿ ಕನ್ನಡದಲ್ಲಿಯೂ ಇರಬೇಕೆಂಬ ಒತ್ತಾಯ. ತಂಡಕ್ಕೆ ಆಯ್ಕೆಯಾಗದ ಮಕ್ಕಳು ವಾರಕ್ಕೊಂದು ಹೊಸ ಪ್ರಶ್ನೆಯನ್ನು ತಾವೇ ರಚಿಸಿ ನೋಟುಪುಸ್ತಕಕ್ಕೆ ಸೇರಿಸುವ ಪದ್ಧತಿ. ಒಳ್ಳೆಯ ಪ್ರಶ್ನೆಗೆ ಒಳ್ಳೆಯ ಉತ್ತರಕ್ಕಿರುವಷ್ಟೇ ಮನ್ನಣೆ. ಜೊತೆಗೆ, ಗಾಜಿನ ಕಪಾಟಿನ ಪಕ್ಕದಲ್ಲಿ ಒಂದು ದಾಖಲೆ ಪುಸ್ತಕ: ಆ ವರ್ಷ ಎಷ್ಟು ಮಕ್ಕಳು ಆಯ್ಕೆ ಪರೀಕ್ಷೆಗೆ ಕುಳಿತರು, ಅವರಲ್ಲಿ ಹೆಣ್ಣುಮಕ್ಕಳೆಷ್ಟು, ಯಾವ ಮಾಧ್ಯಮದವರೆಷ್ಟು, ಬರಲಾಗದವರು ಏಕೆ ಬರಲಿಲ್ಲ.

ಮೂರು ವರ್ಷಗಳ ನಂತರ ಆ ಪುಸ್ತಕವನ್ನು ತೆರೆದು ನೋಡಿದರೆ ಫಲಕಗಳ ಸಂಖ್ಯೆ ಹೆಚ್ಚಿರಬಹುದು ಅಥವಾ ಇರದಿರಬಹುದು. ಬಸ್ಸಿನ ಕಿಟಕಿಯಿಂದ ಸಿಸಿಎಂಬಿಯ ಗೇಟನ್ನು ನೋಡುವ ಆ ಹುಡುಗಿ ಒಳಗೆ ಏನು ನಡೆಯುತ್ತದೆ ಎಂದು ಶಿಕ್ಷಕಿಯನ್ನು ಕೇಳಿ, ಆ ಪ್ರಶ್ನೆಯನ್ನು ತನ್ನ ಹೆಸರಿನೊಂದಿಗೆ ನೋಟುಪುಸ್ತಕದಲ್ಲಿ ಬರೆದಿದ್ದರೆ ಹಾಕಿದ ಹಣ ಕೈಸೇರಿತೆಂದೇ ಲೆಕ್ಕ. ಅವಳು ಬಿಟ್ಟುಹೋದ ಪುಸ್ತಕ ಮುಂದಿನ ವರ್ಷ ಇನ್ನೊಬ್ಬಳ ಕೈಗೆ ಹೋಗುತ್ತದೆ. ಪ್ರೌಢಶಾಲೆಯ ರಸಪ್ರಶ್ನೆ ತಂಡದ ಚರಿತ್ರೆಯನ್ನು ಅಲ್ಲಿಂದ ಬರೆಯಲು ಆರಂಭಿಸಬೇಕು.